ವಾಪಸಾತಿ ಪರೀಕ್ಷೆ

ಮಂಡ್ಯದ ಡೇರಿಯ ಹಿಂಬದಿ, ಹಾಲುಪುಡಿ ಗೋದಾಮಿಗೆ
ಅಂಟಿಕೊಂಡ ಕೋಣೆ.
ಹೊರಗೆ ಕಬ್ಬಿನ ಲಾರಿಗಳ ಸಾಲು ಬಿಸಿಲಲ್ಲಿ ಬೇಯುತ್ತಿದೆ;
ಒಳಗೆ ಹದಿನೆಂಟು ಡಿಗ್ರಿ. ಸ್ವೆಟರ್ ಹಾಕಿ ಕೂತಿದ್ದೇನೆ.
ಮದುವೆ ಮನೆಗಳಲ್ಲಿ ಕೇಳುತ್ತಾರೆ:
ಡೇರೀಲಿ ಏನ್ ಕೆಲಸ, ಹಾಲು ಕಾಯಿಸ್ತೀಯಾ?
ಇಲ್ಲ, ಹಾಲಿನ ಲೆಕ್ಕ ಕಾಯ್ತೀನಿ.

ಬ್ಯಾಕಪ್ ಇದೆ ಎನ್ನುವುದು ಒಂದು ಮಾತು.
ಕರೆದಾಗ ಅದು ಎದ್ದು ಬರುತ್ತದೆ ಎನ್ನುವುದು ಬೇರೆ ಮಾತು.
ಶಾಹಿದಾ ಮೇಡಂ ಹೋದ ವರ್ಷದ ಏಪ್ರಿಲ್ ಮರೆತಿಲ್ಲ:
ಯಾರೋ ಕಾಣದವರು ನಮ್ಮ ಬಾಗಿಲಿಗೆ ಬೀಗ ಜಡಿದು
ಡಾಲರ್ ಲೆಕ್ಕದಲ್ಲಿ ಕೀಲಿಕೈ ಮಾರಲು ನಿಂತದ್ದು,
ಮೂರು ವರ್ಷ ಹಸಿರು ಟಿಕ್ಕು ಹಾಕಿಸಿಕೊಂಡ ಟೇಪುಗಳು
ಒಂದೊಂದೇ ಖಾಲಿ ಎಂದು ಗೊತ್ತಾದದ್ದು,
ಸಂಘದ ಕಾರ್ಯದರ್ಶಿಗಳು
ಕೈಬರಹದ ಪುಸ್ತಕ ಕಂಕುಳಲ್ಲಿ ಇರುಕಿಕೊಂಡು
ನಮ್ಮ ಮೆಟ್ಟಿಲ ಮೇಲೆ ಕೂತದ್ದು.

ಈಗ ಮೂರು ಪ್ರತಿ.
ಒಂದು ಇಲ್ಲೇ, ಒಂದು ಮೈಸೂರಿನ ಹೆಬ್ಬಾಳದಲ್ಲಿ,
ಮತ್ತೊಂದು ಯಾವುದೋ ಮೋಡದಲ್ಲಿ. ಅದು ಕಂಡವರಿಲ್ಲ,
ಬಾಡಿಗೆ ಚೀಟಿ ಮಾತ್ರ ತಿಂಗಳು ತಪ್ಪದೆ ಭೂಮಿಗಿಳಿಯುತ್ತದೆ.

ಬಾಬುರಾಯನಕೊಪ್ಪಲಿನ ಹತ್ತಿರ ಜೆಸಿಬಿ ಕೇಬಲ್ ಕಿತ್ತ ದಿನ
ಹೊಳೆಯ ಈಚೆಗೂ ಆಚೆಗೂ ಆರು ತಾಸಿನ ಬಿರುಕು.
ಆ ಆರು ತಾಸು, ಮೈಸೂರಿನ ಪ್ರತಿಯಲ್ಲಿ
ಬೆಳಗಿನ ಹಾಲು ಯಾರೂ ಕರೆದೇ ಇರಲಿಲ್ಲ.

ಇದನ್ನೆಲ್ಲ ಅತ್ತೆಗೆ ವಿವರಿಸಲು ಹೋಗಿ ಸೋತಿದ್ದೆ.
ಮೊನ್ನೆ ಮನೆಯಲ್ಲಿ ಮೊಸರು ಕೆಟ್ಟು ಲೋಳೆಯಾಯಿತು.
ಅತ್ತೆ ಎದುರುಮನೆ ಪ್ರೇಮಕುಮಾರಿಯಿಂದ
ಒಂದು ಚಮಚ ಹೆಪ್ಪು ತಂದರು, ಬಟ್ಟಲಿಗೆ ಅಂಗೈ ಮುಚ್ಚಿ.
"ನಮ್ದೇ ಮೊಸ್ರು ಕಣೇ ಇದು.
ಗೌರಿ ಹಬ್ಬದಲ್ಲಿ ಅವ್ರು ಇಸ್ಕೊಂಡು ಹೋಗಿದ್ದು."
ಸೌಟು ಹಿಡಿದವಳು ಹಾಗೇ ನಿಂತುಬಿಟ್ಟೆ.

ಹನ್ನೊಂದೂವರೆ. ಗುಂಡಿ ಒತ್ತಿದೆ. ನಾಲ್ಕು ನಿಮಿಷದಲ್ಲಿ
ಸರ್ವರಿನ ತದ್ರೂಪು ಕಣ್ಣು ಬಿಟ್ಟಿತು.
ಅದೇ ಹೆಸರು, ಅದೇ ವಿಳಾಸ, ಅದೇ ಗುಟ್ಟಿನ ಪದ.
ತಾನೇ ಡೇರಿ ಎಂದು ನಂಬಿಕೊಂಡಿದೆ, ಪಾಪ.
ಎಬ್ಬಿಸುವ ಮೊದಲೇ ಹೊರಗಿನ ದಾರಿ ಮುಚ್ಚಬೇಕು.
ಸಿದ್ದಪ್ಪಾಜಿ ಒಮ್ಮೆ ಮರೆತಿದ್ದ;
ಹನ್ನೊಂದು ಸಾವಿರ ಮನೆಗೆ ಸಂದೇಶ ಎರಡೆರಡು ಬಾರಿ ಹೋಗಿ
ಕೀಲಾರದಿಂದ ಫೋನು ಬಂದಿತ್ತು:
"ಸಾ, ನಾವ್ ಕರ್ದುದ್ ಒಂದ್ಸತಿ, ನೀವ್ ಬರ್ದುದ್ ಎಲ್ಡ್ ಸತಿ!"

ಇನ್ನು ತಾಳೆ ನೋಡುವುದು. ಕಣ್ಣುಮುಚ್ಚಿ ಒಂದು ಸಂಖ್ಯೆ:
ನಾನೂರ ಹದಿನೇಳು, ಚಿಕ್ಕತಾಯಮ್ಮ.
ಮಾರ್ಚ್ ಹನ್ನೆರಡು, ಬೆಳಿಗ್ಗೆ, ಮೂರು ಲೀಟರ್ ಆರುನೂರು,
ಕೊಬ್ಬು ನಾಲ್ಕು ಪಾಯಿಂಟ್ ಎರಡು. ಸರಿ.
ಸಂಜೆ, ಇಲ್ಲ.
ಮಾರನೇ ದಿನ, ಇಲ್ಲ.
ಆಮೇಲೆ ಉದ್ದಕ್ಕೂ ಇಲ್ಲ.
ಅಸಲಿನಲ್ಲೂ ಇಲ್ಲ, ನಕಲಿನಲ್ಲೂ ಇಲ್ಲ,
ಆದ್ದರಿಂದ ಅದೂ ಸರಿ.
ಹಸು ಮಾರಿದಳೋ, ಕೆಚ್ಚಲು ಬಾವು ಬಂತೋ,
ಖಾಸಗಿಯವನು ಲೀಟರಿಗೆ ಐವತ್ತು ಪೈಸೆ ಜಾಸ್ತಿ ಕೊಟ್ಟನೋ,
ಅದಕ್ಕೆ ಕಾಲಂ ಮಾಡಿಲ್ಲ ನಾವು.
ಇಲ್ಲದ್ದನ್ನು ಇಲ್ಲವೆಂದೇ ಕಾಪಾಡುವುದೂ
ನನ್ನ ಸಂಬಳದಲ್ಲಿ ಸೇರಿದೆ.

ಅಳಿಸುವ ಮುನ್ನ ಒಮ್ಮೆ ಒಳಗೆ ಇಣುಕಿದೆ.
ದಾರಿಯಿಲ್ಲದ ಆ ಪೆಟ್ಟಿಗೆಯಲ್ಲಿ, ಸರದಿಯಲ್ಲಿ,
ಹನ್ನೊಂದು ಸಾವಿರ ಸಂದೇಶ:
ನಿಮ್ಮ ಹಾಲು ತಲುಪಿದೆ, ನಿಮ್ಮ ಹಾಲು ತಲುಪಿದೆ.
ಖಚಿತವೇ ಎಂದು ಕೇಳಿತು ಪರದೆ.
ಹೌದು.

ನಮೂನೆ ತುಂಬಿದೆ. ಪರೀಕ್ಷೆ ಯಶಸ್ವಿ,
ಅವಧಿ ನಲವತ್ತೊಂದು ನಿಮಿಷ.
ಷರಾ ಜಾಗದಲ್ಲಿ, ೪೧೭ರ ಹಸು ಏನಾಯಿತು, ಎಂದು ಬರೆದು
ಅಕ್ಷರ ಅಕ್ಷರವಾಗಿ ಹಿಂದಕ್ಕೆ ಅಳಿಸಿದೆ.
ಅದರ ಪ್ರತಿ ಎಲ್ಲೂ ಇಲ್ಲ.
ಸ್ವೆಟರ್ ಕಳಚಿ ಹೊರಗೆ ಬಂದರೆ
ಟ್ಯಾಂಕರ್ ತೊಳೆಯುತ್ತಿದ್ದಾರೆ, ಬಿಳಿ ನೀರು
ಮೋರಿಗೆ ಹರಿಯುತ್ತಿದೆ,
ಬೆಕ್ಕೊಂದು ಅದರ ಅಂಚಿನಲ್ಲಿ ಕೂತು ನೆಕ್ಕುತ್ತಿದೆ.